ಕ್ಯೂಜಿಐಎಸ್ ಒಳಗಿಂದಲೇ ಆರ್ ಸ್ಕ್ರಿಪ್ಟ್: ಜೋಡಿ ಚದರ ಆವರಣ ಯಾಕೆ ಬೇಕು

ಲೇಯರನ್ನು (ನಕ್ಷೆಯ ಒಂದು ಪದರದ ಡೇಟಾ) ಹೊರಗೆ ಎಕ್ಸ್‌ಪೋರ್ಟ್ ಮಾಡದೆ, ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಕೂತಲ್ಲೇ ಆರ್ (ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ) ಕೈಲಿ ಲೆಕ್ಕ ಮಾಡಿಸಬಹುದು. ಮಂಡ್ಯ ಜಿಲ್ಲೆಯ ಬಾವಿಗಳ ನೀರಿನ ಮಟ್ಟದ ಮೇಲೆ ಪ್ರಾಜೆಕ್ಟ್ ಮಾಡುತ್ತಿರುವ ನಮ್ಮ ಬ್ಯಾಚಿನವರಿಗೆ ಇದರಿಂದ ತುಂಬಾ ಅನುಕೂಲ.

ಸೆಟಪ್ ಸುಲಭ. ಆರ್ ಬೇರೆಯಾಗಿ ಇನ್‌ಸ್ಟಾಲ್ ಮಾಡಿ, ಪ್ಲಗಿನ್ಸ್ ಮೆನುವಿನಿಂದ ‘ಪ್ರೊಸೆಸಿಂಗ್ ಆರ್ ಪ್ರೊವೈಡರ್’ ಹಾಕಿಕೊಳ್ಳಿ. ವಿಂಡೋಸ್ ಆದರೆ ಆಪ್ಷನ್ಸ್‌ನ ಪ್ರೊಸೆಸಿಂಗ್ ಭಾಗದಲ್ಲಿ ಆರ್ ಇರುವ ಫೋಲ್ಡರ್ ತೋರಿಸಿ. ಸ್ಕ್ರಿಪ್ಟ್ ಫೈಲಿನ ಎಕ್ಸ್‌ಟೆನ್ಶನ್ ಆರ್‌ಎಸ್‌ಎಕ್ಸ್.

ಅತಿ ಚಿಕ್ಕ ಸ್ಕ್ರಿಪ್ಟ್ ಹೀಗಿರುತ್ತದೆ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ):

##ಲೇಯರ್=ವೆಕ್ಟರ್
##ಕಾಲಂ=ಫೀಲ್ಡ್ ಲೇಯರ್
##ಶೋಪ್ಲಾಟ್ಸ್
ಹಿಸ್ಟ್(ಲೇಯರ್[[ಕಾಲಂ]])

## ಇರುವ ಸಾಲುಗಳು ಆರ್‌ಗೆ ಬರೀ ಕಾಮೆಂಟ್. ಆದರೆ ಕ್ಯೂಜಿಐಎಸ್ ಅವನ್ನೇ ಓದಿ ಡೈಲಾಗ್ ಬಾಕ್ಸ್ ಕಟ್ಟುತ್ತದೆ: ಯಾವ ಲೇಯರ್, ಅದರಲ್ಲಿ ಯಾವ ಫೀಲ್ಡ್ (ಟೇಬಲಿನ ಕಂಬಸಾಲು) ಎಂದು ಕೇಳುತ್ತದೆ. ಶೋಪ್ಲಾಟ್ಸ್ ಇದ್ದರೆ ಚಿತ್ರ ರಿಸಲ್ಟ್ಸ್ ವ್ಯೂವರ್‌ನಲ್ಲಿ ಬರುತ್ತದೆ. ಅಂಕಿ ನೋಡಬೇಕಾದರೆ ಸಾಲಿನ ಮೊದಲಿಗೆ > ಹಾಕಬೇಕು.

ಈಗ ಕೊನೆಯ ಸಾಲು, ಹಿಸ್ಟೋಗ್ರಾಮ್ (ಅಂಕಿಗಳ ಹಂಚಿಕೆ ತೋರಿಸುವ ಸ್ತಂಭಚಿತ್ರ) ಬಿಡಿಸುವ ಹಿಸ್ಟ್. ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯುವುದು ಇದೇ. ಆರ್ ಕಲಿತವರ ಕೈ ತಾನಾಗಿ ಲೇಯರ್$ಕಾಲಂ ಎಂದು ಬರೆಯುತ್ತದೆ. ಆಗ ‘ಎಕ್ಸ್ ಮಸ್ಟ್ ಬಿ ನ್ಯೂಮೆರಿಕ್’ ಎಂಬ ಎರರ್. ಫೀಲ್ಡಿನಲ್ಲಿ ಇರುವುದೆಲ್ಲ ಅಂಕಿಯೇ, ಮತ್ತೆ ಯಾಕೆ?

ಉತ್ತರ ಲಾಗ್ ಟ್ಯಾಬಿನಲ್ಲಿದೆ. ಸ್ಕ್ರಿಪ್ಟ್ ಓಡಿಸುವ ಮುಂಚೆ ಪ್ಲಗಿನ್ ತಾನೇ ಕೆಲವು ಸಾಲು ಸೇರಿಸಿರುತ್ತದೆ. ಒಂದು, ಲೇಯರನ್ನು ಓದಿಕೊಳ್ಳುವ ಸಾಲು. ಇನ್ನೊಂದು: ಕಾಲಂ <- "ಆಳ". ಉದ್ಧರಣ ಚಿಹ್ನೆ ಗಮನಿಸಿ. ಕಾಲಂನಲ್ಲಿರುವುದು ಬಾವಿಗಳ ಆಳದ ಅಂಕಿಗಳಲ್ಲ, ‘ಆಳ’ ಎಂಬ ಹೆಸರು ಮಾತ್ರ. ಕಾಲಂ ಎನ್ನುವುದು ಹೆಸರು ಬರೆದಿಟ್ಟ ಚೀಟಿ ಅಂದುಕೊಳ್ಳಿ. $ ಚೀಟಿ ಬಿಚ್ಚಿ ಓದುವುದಿಲ್ಲ, ‘ಚೀಟಿ’ ಅನ್ನುವ ಹೆಸರಿನವರನ್ನೇ ಹುಡುಕುತ್ತದೆ. ಅಂಥವರು ಯಾರೂ ಇಲ್ಲ, ಹಾಗಾಗಿ ನಲ್ (ಏನೂ ಇಲ್ಲ) ಸಿಗುತ್ತದೆ. [[ ]] ಚೀಟಿ ಬಿಚ್ಚಿ, ಒಳಗಿನ ಹೆಸರು ಓದಿ, ಸರಿಯಾದ ಫೀಲ್ಡ್ ತರುತ್ತದೆ.

ಹಿಸ್ಟ್ ಎರರ್ ಕೊಟ್ಟು ನಿಲ್ಲುವುದೇ ವಾಸಿ. ಸರಾಸರಿಗೆ ಮೀನ್(ಲೇಯರ್$ಕಾಲಂ) ಎಂದರೆ ಒಂದು ವಾರ್ನಿಂಗ್ ಕೊಟ್ಟು ಎನ್‌ಎ (ಬೆಲೆ ಲಭ್ಯವಿಲ್ಲ) ಎಂದು ಮುಗಿಸುತ್ತದೆ. ಡೇಟಾದಲ್ಲೇ ಏನೋ ಬಿಟ್ಟುಹೋಗಿದೆ ಎಂದು ಅಟ್ರಿಬ್ಯೂಟ್ ಟೇಬಲ್ ಜಾಲಾಡಲು ಹೊರಡುತ್ತೇವೆ.

ಒಂದೇ ಆವರಣ [ ] ಸಾಲದೇ? ಸಾಲದು. ಲೇಯರ್ ಎಸ್‌ಎಫ್ (ಜ್ಯಾಮಿತಿಯನ್ನೂ ಹೊತ್ತ ಟೇಬಲ್) ರೂಪದಲ್ಲಿ ಬರುವುದರಿಂದ, ಒಂದೇ ಆವರಣ ಹಾಕಿದರೆ ಬಿಂದುಗಳ ಜ್ಯಾಮಿತಿಯೂ ಅಂಟಿಕೊಂಡೇ ಬರುತ್ತದೆ. ಮತ್ತೆ ಅದೇ ಎರರ್.

ಇದು ತಲೆಗೆ ಹತ್ತಿದರೆ ತಾಲ್ಲೂಕುವಾರು ಹೋಲಿಕೆ ಸಲೀಸು. ವಿಶ್ವೇಶ್ವರಯ್ಯ ನಾಲೆ ಹರಿಯುವ ಮದ್ದೂರು, ಮಳವಳ್ಳಿಯ ಬಾವಿಗಳನ್ನು ನಾಗಮಂಗಲದ ಒಣಭೂಮಿಯ ಬಾವಿಗಳ ಪಕ್ಕದಲ್ಲಿಟ್ಟು ನೋಡಬೇಕಲ್ಲ? ##ಗುಂಪು=ಫೀಲ್ಡ್ ಲೇಯರ್ ಎಂದು ಇನ್ನೊಂದು ಸಾಲು ಸೇರಿಸಿ (ಡೈಲಾಗ್‌ನಲ್ಲಿ ಇದಕ್ಕೆ ತಾಲ್ಲೂಕಿನ ಹೆಸರಿರುವ ಫೀಲ್ಡ್ ಆರಿಸಿ), ಬಾಕ್ಸ್‌ಪ್ಲಾಟ್(ಲೇಯರ್[[ಕಾಲಂ]] ~ ಲೇಯರ್[[ಗುಂಪು]]) ಎಂದು ಬರೆಯಿರಿ. ಎಲ್ಲ ತಾಲ್ಲೂಕು ಸೇರಿಸಿದ ಒಂದೇ ಹಿಸ್ಟೋಗ್ರಾಮ್‌ಗಿಂತ ಇದನ್ನೇ ನಾನು ಮೊದಲು ನೋಡುತ್ತೇನೆ, ನಾಲೆಯ ಪ್ರಭಾವ ಇದ್ದರೆ ಇಲ್ಲೇ ಕಣ್ಣಿಗೆ ಬೀಳಬೇಕು.

ರಿಗ್ರೆಷನ್‌ಗೂ (ಒಂದರಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಹೆಸರಿನಿಂದಲೇ ಸೂತ್ರ ಕಟ್ಟಬಹುದು: ಎಲ್‌ಎಂ(ರಿಫಾರ್ಮುಲೇಟ್(ಗುಂಪು, ಕಾಲಂ), ಡೇಟಾ=ಲೇಯರ್). ರಿಫಾರ್ಮುಲೇಟ್‌ನಲ್ಲಿ ಕಾರಣ ಮೊದಲು, ಫಲ ಆಮೇಲೆ. ~ ಇರುವ ಸೂತ್ರಕ್ಕೆ ತಿರುಗುಮುರುಗು.