ಕಾಯಂ ಆಳು ನಾಲ್ಕೇ ಜನ, ಲೇಬರ್ ಕೋಡ್ ನಮಗೂ ಬರುತ್ತಾ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು 14 ಎಕರೆ ಕಾಫಿ ತೋಟ. ಲೈನ್ ಮನೆಯಲ್ಲಿ (ತೋಟದ ಆಳುಗಳ ಸಾಲು ಮನೆ) ಕಾಯಂ ಆಳು ನಾಲ್ಕೇ ಜನ. ಕೊಯ್ಲಿಗೆ ಮೇಸ್ತ್ರಿ ಅಸ್ಸಾಂ ಕಡೆಯ 14 ಜನರನ್ನು ಕರೆದುಕೊಂಡು ಬರುತ್ತಾನೆ, ಕೆಲಸ ಮುಗಿದ ಮೇಲೆ ಹೋಗುತ್ತಾರೆ. ಹೊಸ ಲೇಬರ್ ಕೋಡ್ ನಮ್ಮಂಥ ಸಣ್ಣವರಿಗೂ ಬರುತ್ತಾ? ಇನ್ನೊಂದು, 12 ವರ್ಷದಿಂದ ನಮ್ಮಲ್ಲಿ ಇರುವ ಒಬ್ಬರು ಬಿಟ್ಟು ಊರಿಗೆ ಹೋಗುತ್ತೇನೆ ಅಂತಿದ್ದಾರೆ. ಏನಾದರೂ ಕೊಡಬೇಕಾ?

ಉತ್ತರ: ಬರುತ್ತೆ. ಎರಡನೆಯದಕ್ಕೂ ಹೌದು, ಕೊಡಬೇಕು.

ಎಲ್ಲರೂ ಮೊದಲು ತಲೆ ಎಣಿಸುತ್ತಾರೆ. ಕಾಫಿ ತೋಟದ ಮಟ್ಟಿಗೆ ಮೊದಲು ನೋಡಬೇಕಾದ್ದು ಎಕರೆ. ಕಾಫಿ, ಟೀ, ರಬ್ಬರ್, ಏಲಕ್ಕಿ ಬೆಳೆಯುವ ಜಾಗ 5 ಹೆಕ್ಟೇರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾನೂನಿನ ಕಣ್ಣಲ್ಲಿ ಅದು 'ಪ್ಲಾಂಟೇಷನ್'. ನಮ್ಮ ಲೆಕ್ಕದಲ್ಲಿ ಹೇಳಿದರೆ ಹೆಚ್ಚುಕಡಿಮೆ 12 ಎಕರೆ 36 ಸೆಂಟ್. ನಿಮ್ಮದು 14. ಎರಡು ಎಕರೆ ಕಡಿಮೆ ಇದ್ದಿದ್ದರೆ ಈ ಉತ್ತರ ಇನ್ನೂ ಚಿಕ್ಕದಾಗುತ್ತಿತ್ತು.

1951ರ ಹಳೇ ಪ್ಲಾಂಟೇಷನ್ ಕಾಯ್ದೆಯಲ್ಲಿ 5 ಹೆಕ್ಟೇರ್ ಜೊತೆಗೆ 15 ಜನ ಕೆಲಸಗಾರರು ಇರಬೇಕಿತ್ತು. 2025ರ ನವೆಂಬರ್ 21ರಂದು ನಾಲ್ಕು ಲೇಬರ್ ಕೋಡ್‌ಗಳು, ಅಂದರೆ ಕಾರ್ಮಿಕ ಸಂಹಿತೆಗಳು, ಜಾರಿಗೆ ಬಂದು, ಹಳೆಯ 29 ಕೇಂದ್ರ ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. ಈಗ ಕೆಲಸದ ಜಾಗದ ಸುರಕ್ಷತೆಯ ಕೋಡ್‌ಗೆ 10 ಜನ ಸಾಕು. ಕೊಯ್ಲಿನ ತಿಂಗಳುಗಳಲ್ಲಿ ನಿಮ್ಮ ತೋಟದಲ್ಲಿ 18 ಜನ ಇರುತ್ತಾರೆ, ಹಾಗಾಗಿ 'ನಾವು ನಾಲ್ಕೇ ಜನ' ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ. ಲೈನ್ ಮನೆ, ಕುಡಿಯುವ ನೀರು, ಶೌಚಾಲಯ, ಔಷಧ ಹೊಡೆಯುವವರ ಸುರಕ್ಷತೆ ಎಲ್ಲಾ ಇದರಲ್ಲೇ ಬರುತ್ತೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರವನ್ನೂ ಕೊಡಬೇಕು. ತೋಟದ ಕೆಲಸಕ್ಕೆ ನೇಮಕಾತಿ ಪತ್ರವಾ ಅಂತ ನಗಬೇಡಿ, ಹೆಸರು, ಕೆಲಸ, ಕೂಲಿ, ಸೇರಿದ ದಿನ ಬರೆದ ಒಂದು ಹಾಳೆ ಮುಂದೆ ನಿಮ್ಮನ್ನೇ ಕಾಪಾಡುತ್ತೆ.

ಇನ್ನು ಕೂಲಿ. ಇದಕ್ಕೆ ಎಕರೆಯೂ ಬೇಡ, ತಲೆ ಎಣಿಕೆಯೂ ಬೇಡ, ಒಬ್ಬರು ಇದ್ದರೂ ವೇತನ ಕೋಡ್ ಬರುತ್ತೆ. ಕನಿಷ್ಠ ಕೂಲಿ ಕೊಡಲೇಬೇಕು, ಗಂಡಸರಿಗೂ ಹೆಂಗಸರಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ. ನಮ್ಮ ರಾಜ್ಯದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಹೋದ ವರ್ಷದ ರೇಟನ್ನೇ ಹಿಡಿದುಕೊಂಡು ಕೂತರೆ ಗೊತ್ತಿಲ್ಲದೇ ಕಡಿಮೆ ಕೊಟ್ಟಂತೆ ಆಗುತ್ತೆ. ಕಾಫಿ ಕೊಯ್ಯುವಾಗ ಕೆಜಿ ಲೆಕ್ಕ ಅಂತ ಮಾಡಿಕೊಂಡರೂ ಕನಿಷ್ಠ ಕೂಲಿಯಿಂದ ತಪ್ಪಿಸಿಕೊಳ್ಳಲು ಆಗಲ್ಲ. ಬಿಟ್ಟು ಹೋಗುವವರ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕಡಿಮೆ ಕೊಟ್ಟರೆ ದಂಡ 50,000 ರೂಪಾಯಿ ತನಕ ಹೋಗಬಹುದು.

ಕೃಷಿ ಕೆಲಸಕ್ಕೆ ಐದು ಜನರ ತನಕ ಇಟ್ಟುಕೊಂಡವರಿಗೆ ರಿಜಿಸ್ಟರ್ ಇಡುವುದರಿಂದ ವಿನಾಯಿತಿ ಇದೆ. ಆದರೆ ಕೇಳಿದಾಗ ಕೂಲಿ ಕೊಟ್ಟಿದ್ದಕ್ಕೆ ಸಾಕ್ಷಿ ತೋರಿಸಬೇಕು! ನಿಮಗಂತೂ ಕೊಯ್ಲಿನಲ್ಲಿ ಆ ವಿನಾಯಿತಿಯೂ ಇಲ್ಲ. ನಮ್ಮ ಮನೆಯಲ್ಲಿ ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ) ಅಂದರೆ ಅಡುಗೆಮನೆ ಕ್ಯಾಲೆಂಡರಿನ ಹಿಂಭಾಗ, ವರ್ಷ ಮುಗಿದ ಮೇಲೆ ಅದು ಒಲೆಗೆ ಹೋಗುತ್ತಿತ್ತು. ಈಗ ಹಾಗೆ ಮಾಡಬೇಡಿ. ಕೆಲಸಗಾರರು ಮೂರು ವರ್ಷದ ತನಕ ಬಾಕಿ ಕೇಳಬಹುದು, ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲೀಕರ ಮೇಲಿದೆ.

ಮೇಸ್ತ್ರಿ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. 'ನಾನು ಮೇಸ್ತ್ರಿಗೆ ಪೂರ್ತಿ ಕೊಟ್ಟಿದ್ದೇನೆ, ಅವನು ಹಂಚದಿದ್ದರೆ ನಾನೇನು ಮಾಡಲಿ' ಅಂತಾರೆ. ಮೇಸ್ತ್ರಿ ಕೊಡದಿದ್ದರೆ ತೋಟದ ಮಾಲೀಕರೇ ಕೊಡಬೇಕು, ಅಂದರೆ ಎರಡು ಸಲ. ಆದಷ್ಟು ಅವರವರ ಬ್ಯಾಂಕ್ ಖಾತೆಗೇ ಹಾಕಿ. ಮುಂಗಡ ಕೊಟ್ಟಿದ್ದರೆ ಬರೆದಿಡಿ, ಆದರೆ ಮುಂಗಡ ತೀರುವ ತನಕ ಹೋಗಬಾರದು ಅಂತ ಆಧಾರ್ ಕಾರ್ಡ್ ಇಟ್ಟುಕೊಳ್ಳುವುದು, ತಡೆಯುವುದು ಮಾತ್ರ ಬೇಡವೇ ಬೇಡ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಈ ಕೋಡ್‌ಗಳಲ್ಲಿ ಸೇರಿಲ್ಲ, ಬೇರೆಯಾಗಿ ಹಾಗೇ ಇದೆ, ಮೂರು ವರ್ಷದ ತನಕ ಜೈಲು. ಕೊಡಗಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಕಾಲ ಮುಗಿಯಿತು ಅಂತ ನನಗನ್ನಿಸುತ್ತೆ.

ಹೊರರಾಜ್ಯದ ವಲಸೆ ಕೆಲಸಗಾರರು 10 ಅಥವಾ ಜಾಸ್ತಿ ಇದ್ದರೆ ಅವರಿಗಾಗಿ ಬೇರೆ ನಿಯಮಗಳೂ ಇವೆ. ದೊಡ್ಡ ಗಾಯವೋ ಸಾವೋ ಆದರೆ ಎರಡೂ ರಾಜ್ಯದ ಅಧಿಕಾರಿಗಳಿಗೆ, ಮನೆಯವರಿಗೆ ತಿಳಿಸಬೇಕು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅವರ ಊರು, ಮನೆಯವರ ಫೋನ್ ನಂಬರ್ ಬಂದ ದಿನವೇ ಬರೆದುಕೊಳ್ಳಿ.

ಪಿಎಫ್‌ಗೆ 20 ಜನ ಬೇಕು, ನೀವು 18ರಲ್ಲಿದ್ದೀರಿ. ಮುಂದಿನ ವರ್ಷ ಮೇಸ್ತ್ರಿ ಇನ್ನಿಬ್ಬರನ್ನು ಕರೆತಂದರೆ ಆಗ ಮತ್ತೆ ವಿಚಾರಿಸಿ. ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ, ತೋಟಗಳಿಗೆ ಕಡ್ಡಾಯ ಅಲ್ಲ, ಮಾಲೀಕರು ಬೇಕಿದ್ದರೆ ಸೇರಬಹುದು. ರಾಜ್ಯದ ಹೊಸ ನಿಯಮಗಳು ಬರದ ಕಡೆ, ಕೋಡ್‌ಗೆ ವಿರುದ್ಧವಿಲ್ಲದ ಹಳೇ ನಿಯಮಗಳೇ ನಡೆಯುತ್ತವೆ.

ಈಗ ಆ 12 ವರ್ಷದವರ ವಿಷಯ. ಅವರಿಗೆ ಕೊಡಬೇಕಾದ್ದು ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರು ಬಿಡುವಾಗ ಕೊಡುವ ಹಣ. ಅಂಗಡಿ, ಹೋಂಸ್ಟೇ ಆಗಿದ್ದರೆ ಅದಕ್ಕೆ 10 ಜನ ಬೇಕಿತ್ತು, ಪ್ಲಾಂಟೇಷನ್‌ಗೆ ಆ ಸಂಖ್ಯೆಯ ಷರತ್ತಿಲ್ಲ, ಇದು ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು. ಐದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಸಾಕು. ವರ್ಷಕ್ಕೆ 15 ದಿನದ ಕೂಲಿ, ಅದೂ ಕೊನೆಗೆ ಪಡೆಯುತ್ತಿದ್ದ ರೇಟಿನಲ್ಲಿ. ಅವರ ದಿನಗೂಲಿ 500 ರೂಪಾಯಿ ಅಂತ ಇಟ್ಟುಕೊಳ್ಳಿ: 500 ಸಲ 15 ಅಂದರೆ 7,500, ಅದಕ್ಕೆ 12 ವರ್ಷ, 90,000 ರೂಪಾಯಿ. ಹಬ್ಬಕ್ಕೆ ಕೊಟ್ಟ ಬಟ್ಟೆ, ಮಗಳ ಮದುವೆಗೆ ಕೊಟ್ಟ ಸಹಾಯ ಇದರಲ್ಲಿ ಕಳೆಯಲು ಬರುವುದಿಲ್ಲ. ಅವರು ಬಿಟ್ಟ 30 ದಿನದೊಳಗೆ ಕೊಟ್ಟು, ಸಹಿ ಹಾಕಿಸಿಕೊಂಡು, ಆ ಚೀಟಿಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸದೆ ಫೈಲಿನಲ್ಲಿ ಇಡಿ.