ಅಮೆರಿಕದಿಂದ ಟರೆಟ್ ಪ್ರೆಸ್ ತರಿಸಿ ಮನೆಯಲ್ಲೇ ತೋಟೆ ತುಂಬಿಸಬಹುದೇ?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದು ಅಡಿಕೆ ತೋಟ. ಹಂದಿ, ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಲೈಸನ್ಸಿನಲ್ಲಿ ಅಜ್ಜನ ಕಾಲದ 12 ಬೋರ್ ಜೋಡಿನಳಿಗೆ ಕೋವಿ ಇದೆ. ತೋಟೆ ದುಬಾರಿ. ಅಮೆರಿಕದಲ್ಲಿರುವ ಭಾವ ಈಗ ಖಾಲಿ ತೋಟೆ ಮತ್ತೆ ತುಂಬಿಸುವ ಟರೆಟ್ ಪ್ರೆಸ್ ಎಂಬ ಯಂತ್ರ ತೆಗೆದುಕೊಂಡಿದ್ದಾರೆ, ಊರಿಗೆ ಬರುವಾಗ ನಮಗೂ ಒಂದು ತರುತ್ತೇನೆ ಅನ್ನುತ್ತಾರೆ. ಖಾಲಿ ತೋಟೆಗಳನ್ನು ಮನೆಯಲ್ಲೇ ತುಂಬಿಸಬಹುದೇ?

ಉತ್ತರ: ಬೇಡ. ಭಾವನವರು ಅದನ್ನು ಸೂಟ್‌ಕೇಸಿಗೆ ಹಾಕುವ ಮೊದಲೇ ಫೋನ್ ಮಾಡಿ ತಡೆಯಿರಿ.

ಬರೀ ಕಬ್ಬಿಣದ ಯಂತ್ರ, ಮದ್ದು ತರದಿದ್ದರೆ ಆಯಿತಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಮದ್ದುಗುಂಡು ಎಂದರೆ ಏನೇನು ಎಂದು ಪಟ್ಟಿ ಮಾಡಿದ್ದಾರೆ. ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಆ ಪಟ್ಟಿಯಲ್ಲಿವೆ. ಹಾಗಾಗಿ ಪ್ರೆಸ್ ಹೊರದೇಶದಿಂದ ತರಲು 10ನೇ ಸೆಕ್ಷನ್ನಿನ ಆಮದು ಲೈಸನ್ಸ್ ಬೇಕು. ತೋಟೆ ತಯಾರಿಸಲು 5ನೇ ಸೆಕ್ಷನ್ನಿನ ಲೈಸನ್ಸ್ ಬೇರೆಯೇ ಬೇಕು. ನಿಮ್ಮ ಕೈಯಲ್ಲಿರುವುದು ಕೋವಿ ಇಟ್ಟುಕೊಳ್ಳುವ ಲೈಸನ್ಸ್, ಅದು ಇವೆರಡಕ್ಕೂ ನಡೆಯುವುದಿಲ್ಲ. ಲೈಸನ್ಸಿಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಮದ್ದು, ಕೇಪುಗಳಿಗೆ (ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗ) ಸ್ಫೋಟಕ ಕಾಯ್ದೆಯೂ ಸೇರಿಕೊಳ್ಳುತ್ತದೆ.

ಕಾನೂನು ಬದಿಗಿಟ್ಟರೂ ಆ ಪ್ರೆಸ್ ನಿಮ್ಮ ಕೋವಿಗೆ ಆಗುವುದಿಲ್ಲ. ಟರೆಟ್ ಪ್ರೆಸ್ ಇರುವುದು ರೈಫಲ್, ಪಿಸ್ತೂಲುಗಳ ಹಿತ್ತಾಳೆ ತೋಟೆಗೆ. ಸಿಂಗಲ್ ಸ್ಟೇಜ್ ಎಂಬ ಸಾದಾ ಪ್ರೆಸ್ಸಿನಲ್ಲಿ ಡೈ (ತೋಟೆಗೆ ಆಕಾರ ಕೊಡುವ ಅಚ್ಚು) ಕೂರಿಸಲು ಒಂದೇ ತೂತು. ಪ್ರತಿ ಕೆಲಸಕ್ಕೂ ಡೈ ಬಿಚ್ಚಿ, ಇನ್ನೊಂದು ಹಾಕಿ, ಎತ್ತರ ಮತ್ತೆ ಹೊಂದಿಸಬೇಕು. ಟರೆಟ್ಟಿನಲ್ಲಿ ತಿರುಗುವ ತಲೆಯ ಮೇಲೆ 4 ಅಥವಾ ಹೆಚ್ಚು ತೂತು, ಡೈಗಳು ಹೊಂದಿಸಿದಲ್ಲೇ ಇರುತ್ತವೆ. ಉಳಿಯುವುದು ಸಮಯ ಮಾತ್ರ, ಗುರಿಯೇನೂ ಸುಧಾರಿಸುವುದಿಲ್ಲ. ಈ ಡೈಗಳ ಹೊರಮರೆಯ (ಹೊರಗಿನ ಸ್ಕ್ರೂ ಸುತ್ತಿನ) ಅಳತೆ ಸಾಮಾನ್ಯವಾಗಿ 7/8 ಇಂಚು, ಅಂದರೆ 22.2 ಮಿ.ಮೀ. 12 ಬೋರ್ ತೋಟೆಯ ಮೈ ಸುಮಾರು 20.5 ಮಿ.ಮೀ., ಬುಡದ ಅಂಚು 22.5 ಮಿ.ಮೀ. ಡೈಗಿಂತ ಬುಡವೇ ದಪ್ಪ! ಪ್ಲಾಸ್ಟಿಕ್ ಕೊಳವೆಯೊಳಗೆ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಕೂರಿಸಿ, ಚರೆ ಸುರಿದು, ಬಾಯಿಯನ್ನು ನೆರಿಗೆಯಾಗಿ ಮಡಚುವುದಕ್ಕೆ ಅಮೆರಿಕದಲ್ಲೂ ಬೇರೆಯೇ ಯಂತ್ರ ಇಟ್ಟುಕೊಳ್ಳುತ್ತಾರೆ.

ಖರ್ಚು ಉಳಿಸಬೇಕಾದರೆ ಕೊಂಡ ತೋಟೆ ಕೆಡದಂತೆ ನೋಡಿಕೊಳ್ಳಿ. ಕರಾವಳಿಯ ಮಳೆಗಾಲಕ್ಕೆ ಬುಡದ ಲೋಹ ತುಕ್ಕು ಹಿಡಿಯುತ್ತದೆ, ಹಳೆಯ ಕಾಗದದ ತೋಟೆಯಾದರೆ ಉಬ್ಬಿ ನಳಿಗೆಗೆ ಇಳಿಯುವುದೇ ಇಲ್ಲ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕೋವಿಯಿಂದ ಬೇರೆ ಕಡೆ ಬೀಗದೊಳಗೆ ಇಡಿ. ತುಕ್ಕು ಬಾರದಿರಲೆಂದು ಎಣ್ಣೆ ಸವರಬೇಡಿ. ಎಣ್ಣೆ ಕೇಪಿನ ಸಂದಿಯಲ್ಲಿ ಇಳಿದರೆ ತೋಟೆ ಠುಸ್. ಅಟ್ಟದಲ್ಲೋ ಒಲೆಯ ಮೇಲಿನ ಬೆಚ್ಚಗಿನ ಜಾಗದಲ್ಲೋ ಇಡುವ ರೂಢಿಯೂ ಒಳ್ಳೆಯದಲ್ಲ.

ಅಜ್ಜನ ಕಾಲದ ಕೋವಿ ಎಂದಿರಿ. ಹಳೆಯ ಜೋಡಿನಳಿಗೆಗಳಲ್ಲಿ ಹಲವಕ್ಕೆ ತೋಟೆಯ ಮನೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, 65 ಮಿ.ಮೀ. (2½ ಇಂಚು), ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 70 ಮಿ.ಮೀ. (2¾ ಇಂಚು). ಈ 70 ಎಂಬುದು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಚಿದ ಹೊಸ ತೋಟೆ ಗಿಡ್ಡ, ಚಿಕ್ಕ ಮನೆಯೊಳಗೂ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಹಳೆಯ ಉಕ್ಕು ಅದನ್ನು ಎಷ್ಟು ದಿನ ತಡೆದೀತು? ಕೋವಿ ಮಡಚಿ, ನಳಿಗೆಯ ಅಡಿಯ ಚಪ್ಪಟೆ ಭಾಗದಲ್ಲಿ ಕೊರೆದ ಅಂಕಿ ನೋಡಿ. ಅಂಕಿ ಸವೆದಿದ್ದರೆ ಲೈಸನ್ಸ್ ಇರುವ ಕೋವಿ ರಿಪೇರಿಯವರಿಂದ ಅಳತೆ ಮಾಡಿಸಿ. ತೋಟೆ ಕೊಳ್ಳುವ ಮೊದಲು ಆಗಬೇಕಾದ ಕೆಲಸ ಇದೇ.

ತೋಟೆ ಸಿಡಿಯದಿದ್ದರೆ ಕೂಡಲೇ ಕೋವಿ ಮಡಚಬೇಡಿ. ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದುಂಟು. ಕೆಟ್ಟ ತೋಟೆಯನ್ನು ಬಿಚ್ಚುವುದು, ಸುಡುವುದು, ಬಾವಿಗೆ ಹಾಕುವುದು ಯಾವುದೂ ಬೇಡ. ಡೀಲರ್ ಅಥವಾ ಠಾಣೆಯವರನ್ನು ಕೇಳಿ ಒಪ್ಪಿಸಿ, ರಶೀದಿ ತೆಗೆದುಕೊಳ್ಳಿ.

ವರ್ಷಕ್ಕೆ ಕೊಳ್ಳಬಹುದಾದ ತೋಟೆಯ ಮಿತಿ ನಿಮ್ಮ ಲೈಸನ್ಸಿನಲ್ಲೇ ಬರೆದಿರುತ್ತದೆ. ಅದು ಸಾಲದಿದ್ದರೆ ಆರ್‌ಟಿಸಿ ಮತ್ತು ಬೆಳೆ ಹಾನಿಯ ವಿವರ ಸೇರಿಸಿ, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಮಿತಿ ಹೆಚ್ಚಿಸಲು ಅರ್ಜಿ ಕೊಡಿ. ಹಂದಿಗೆ ಗುಂಡು ಹೊಡೆಯುವ ವಿಷಯ ಮಾತ್ರ ಬೇರೆ: ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕೋವಿಯ ಲೈಸನ್ಸ್ ಇದ್ದರೆ ಸಾಲದು.