ಜಾಬ್ ಕೋಚ್‌ಗೆ ದಾರಿ ತೋರಿಸುವವರು ಯಾರು?

ಬೌದ್ಧಿಕ ಅಂಗವಿಕಲತೆ ಇರುವ ಹುಡುಗನಿಗೆ ಹುಬ್ಬಳ್ಳಿಯ ಗೋಕುಲ ರೋಡ್‌ನಲ್ಲೋ ತಾರಿಹಾಳದಲ್ಲೋ ಇರುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಎಲ್ಲರೂ ಖುಷಿಪಡುತ್ತಾರೆ, ಮಾಲೀಕರನ್ನು ಹೊಗಳುತ್ತಾರೆ. ಪಕ್ಕದಲ್ಲಿ ನಿಂತು ಕೆಲಸ ಹೇಳಿಕೊಡುವ ಜಾಬ್ ಕೋಚ್ ಯಾರ ಕಣ್ಣಿಗೂ ಬೀಳಲ್ಲ. ಹುಡುಗ ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ಮಾತ್ರ ಎಲ್ಲರೂ ಕೇಳುವುದು ಅವರನ್ನೇ. ಆದರೆ ಆ ಕೋಚ್‌ಗೇ ದಾರಿ ತೋಚದಿದ್ದರೆ ಅವರು ಯಾರನ್ನು ಕೇಳಬೇಕು?

ಈ ಹುದ್ದೆಯೇ ಹೊಸದು. ಮೊದಲೆಲ್ಲ ಬೌದ್ಧಿಕ ವಿಕಲತೆ ಇರುವವರಿಗೆ ಇದ್ದದ್ದು ಪ್ರತ್ಯೇಕ ವರ್ಕ್‌ಶಾಪ್. ತಯಾರಾದ ಮೇಲೆ ಹೊರಗೆ ಕೆಲಸ ಅನ್ನುತ್ತಿದ್ದರು, ಆದರೆ 'ತಯಾರಾದ' ಅಂತ ಯಾರೂ ಹೇಳುತ್ತಲೇ ಇರಲಿಲ್ಲ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. 1970ರ ಆಸುಪಾಸಿನಲ್ಲಿ ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್, 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ತೀವ್ರ ವಿಕಲತೆ ಇದ್ದವರಿಗೂ ಕಲಿಸಿ ತೋರಿಸಿದರು. ಕಲಿಯುವವರು ಕಲಿಯದಿದ್ದರೆ ನಾವು ಕಲಿಸುವ ರೀತಿ ಬದಲಾಗಬೇಕು ಅನ್ನುವುದು ಗೋಲ್ಡ್ ಅವರ ವಾದ. ಆಮೇಲೆ ಅಮೆರಿಕದ್ದೇ ವರ್ಜೀನಿಯಾ ರಾಜ್ಯದ ಸಂಶೋಧಕ ಪಾಲ್ ವೆಹ್ಮನ್ ಮತ್ತಿತರರು ಕ್ರಮವನ್ನೇ ತಿರುಗಿಸಿದರು: ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸಿ. 1986ರಲ್ಲಿ ಅಲ್ಲಿನ ಕಾನೂನು ಇದಕ್ಕೆ ಹಣವನ್ನೂ ಒದಗಿಸಿತು.

ನಮ್ಮಲ್ಲಿ 1984ರಲ್ಲಿ ಸಿಕಂದರಾಬಾದಿನಲ್ಲಿ ಬೌದ್ಧಿಕ ವಿಕಲತೆ ಇರುವವರಿಗಾಗಿ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. 1992ರ ಕಾನೂನಿನಿಂದ ಪುನರ್ವಸತಿ ಕೆಲಸ ಮಾಡುವವರಿಗೆ ಮಾನ್ಯತೆ ಪಡೆದ ಕೋರ್ಸು, ನೋಂದಣಿ ಬಂದವು. 1995ರ ಕಾಯ್ದೆ ಸರ್ಕಾರಿ ಕೆಲಸದಲ್ಲಿ 3% ಮೀಸಲಿಟ್ಟಿತು, ಆದರೆ ಅದರಲ್ಲಿ ಬೌದ್ಧಿಕ ವಿಕಲತೆಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆ ಮೀಸಲನ್ನು 4% ಮಾಡಿ ಇವರನ್ನೂ ಸೇರಿಸಿತು. ಒಳ್ಳೆಯದೇ. ಆದರೆ ಕೋರ್ಸು ಮುಗಿಸಿ ಕಾರ್ಖಾನೆಯೊಳಗೆ ಕಾಲಿಟ್ಟ ಕೋಚ್‌ನ ಬೆನ್ನಿಗೆ ಯಾರಿರಬೇಕು ಅನ್ನುವುದು ಮಾತ್ರ ಹಾಗೇ ಉಳಿಯಿತು.

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ತೆಗೆಯುವುದನ್ನೇ ನೋಡಿ. ನಮಗೆ ಅದು ಒಂದೇ ಕೆಲಸ. ಕಲಿಸುವಾಗ ಹಾಗಲ್ಲ: ರಾಶಿಯಿಂದ ಒಂದು ಕಾಯಿ ಎತ್ತಬೇಕು, ತೊಟ್ಟು ಯಾವ ಕಡೆ ಅಂತ ನೋಡಬೇಕು, ಬುಡಕ್ಕೆ ಹಿಡಿದು ಮುರಿಯಬೇಕು, ಕಾಯಿ ಈ ಬುಟ್ಟಿಗೆ, ತೊಟ್ಟು ಆ ಬುಟ್ಟಿಗೆ, ನಡುವೆ ಕೈ ಕಣ್ಣಿಗೆ ಹೋಗಬಾರದು. ಕೋಚ್ ಮೊದಲು ಕೈ ಹಿಡಿದು ಮಾಡಿಸುತ್ತಾರೆ, ಆಮೇಲೆ ಬೆರಳು ತೋರಿಸುತ್ತಾರೆ, ಆಮೇಲೆ ಸುಮ್ನೆ ನಿಲ್ಲುತ್ತಾರೆ, ಕೊನೆಗೆ ಅಲ್ಲಿಂದ ಹೊರಡಬೇಕು. ಈ ಕೊನೆಯದೇ ಕಷ್ಟ. ಹೊಸ ಕೋಚ್‌ಗೆ ಭಯ, ಪ್ರತಿ ಕಾಯಿಗೂ 'ಹಾಂ, ಮುಂದೆ' ಅನ್ನುತ್ತಾರೆ. ಹುಡುಗ ಆ 'ಹಾಂ'ಗೇ ಕಾಯುತ್ತಾ ಕೂರುತ್ತಾನೆ. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಇದು ನಡೆಯುತ್ತಾ? ಅನುಭವಸ್ಥರೊಬ್ಬರು ಬಂದು ಸ್ವಲ್ಪ ಹೊತ್ತು ನೋಡಿದರೆ ಗೊತ್ತಾಗಿಬಿಡುತ್ತೆ, ತೊಡಕಿರುವುದು ಹುಡುಗನ ಕೈಯಲ್ಲಲ್ಲ, ಕೋಚ್‌ನ ಮಾತಿನಲ್ಲಿ ಅಂತ.

ಇಷ್ಟೇ ಅಲ್ಲ. ಕೆಲಸಕ್ಕೆ ಹೋದರೆ ಮಾಸಾಶನ ನಿಂತುಹೋಗುತ್ತೆ ಅಂತ ಅವ್ವ ಹೆದರುತ್ತಾಳೆ. ಮಾಲೀಕರು ಪಗಾರದ ಬದಲು ಖರ್ಚಿಗೆ ಅಂತ ಒಂದಿಷ್ಟು ಕೊಟ್ಟು ಕಳಿಸುತ್ತಾರೆ. ಜೊತೆಯವರು ರೇಗಿಸುತ್ತಾರೆ. ಇದನ್ನೆಲ್ಲ ಯಾವ ಪಠ್ಯಪುಸ್ತಕ ನೋಡಿ ಬಗೆಹರಿಸೋದು?

ನಮ್ಮ ಭಾಗದಲ್ಲಿ ಜನ ಇಲ್ಲ ಅಂತಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ) ಕಾರ್ಯಕರ್ತರಿದ್ದಾರೆ, ವಿಶೇಷ ಶಾಲೆಗಳಲ್ಲಿ ದುಡಿದು ನಿವೃತ್ತರಾದ ಶಿಕ್ಷಕರಿದ್ದಾರೆ. ಹೊಸ ಕೋಚ್‌ಗೆ ಮೊದಲ ಆರು ತಿಂಗಳು ಇವರಲ್ಲೊಬ್ಬರು ಜೊತೆಗಿರಲಿ, ಆಫೀಸಿನಲ್ಲಿ ಕೂತು ವರದಿ ಓದುವುದಲ್ಲ, ಕೆಲಸದ ಜಾಗಕ್ಕೇ ಬರಲಿ. ಹೊಲಿಗೆ ಮಷೀನಿಗೆ, ಊಟಕ್ಕೆ ದುಡ್ಡು ಇಡುವ ಯೋಜನೆಗಳಲ್ಲಿ ಹೀಗೆ ಜೊತೆಗಿರುವ ಅನುಭವಸ್ಥರ ಬಸ್ ಚಾರ್ಜು, ಗೌರವಧನವನ್ನೂ ಸೇರಿಸಲೇಬೇಕು.